ಬಿಲ್ಲಮ್ಮನನ್ನು ಒಪ್ಪಿಸುವುದು

ಕಣ್ಣಾಸ್ಪತ್ರೆಯ ಹುಡುಗಿ ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

"ಬಲಗಣ್ಣಿನ ಪೊರೆ ತುಂಬ ಬಲಿತುಬಿಟ್ಟಿದೆ ಅಜ್ಜಿ. ಇನ್ನೂ ಬಿಟ್ಟರೆ ಕಲ್ಲಾಗುತ್ತೆ, ಆಮೇಲೆ ತೆಗೆಯೋದು ಡಾಕ್ಟರಿಗೂ ಕಷ್ಟ. ಎಡಗಣ್ಣು ಮೊದಲೇ ಅಷ್ಟಕ್ಕಷ್ಟೆ. ನಿಮ್ಮ ಅದೃಷ್ಟ, ಶುಕ್ರವಾರ ಯಾರೋ ಒಬ್ಬರು ಬರಲ್ಲ ಅಂದಿದ್ದಾರೆ. ಒಂದೇ ಒಂದು ಜಾಗ ಉಳಿದಿದೆ. ಗುರುವಾರ ಸಂಜೆ ಐದರೊಳಗೆ ಹೇಳಿಬಿಡಿ. ಇದು ತಪ್ಪಿದರೆ ಮೂರು ತಿಂಗಳು ಕಾಯಬೇಕು."

'ಒಂದೇ ಒಂದು' ಎಂಬುದು ಕಿವಿಗೆ ಬಿದ್ದದ್ದೇ ತಡ, ಬಿಲ್ಲಮ್ಮ ಕುರ್ಚಿ ಬಿಟ್ಟು ಎದ್ದಳು. ಬಾಗಿಲೆಂದುಕೊಂಡು ಗೋಡೆಯ ಕಡೆಗೆ ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ, "ಯೋಚನೆ ಮಾಡಿ ಹೇಳ್ತೀನಮ್ಮ" ಎಂದಳು.

ಪಕ್ಕದಲ್ಲಿದ್ದ ಸೊಸೆಗೆ ಅರ್ಥವಾಯಿತು. ಯೋಚನೆ ಮಾಡಿ ಹೇಳ್ತೀನಿ ಎಂದು ಹೋದ ಗಿರಾಕಿ ಮತ್ತೆ ಮೆಟ್ಟಿಲು ಹತ್ತುವುದಿಲ್ಲ. ಈ ಪಾಠ ಹೇಳಿಕೊಟ್ಟವಳೇ ಬಿಲ್ಲಮ್ಮ.

ಆ ಊರಿನ ದೊಡ್ಡ ಬಟ್ಟೆ ಅಂಗಡಿಯ ಎರಡನೇ ಮಹಡಿಯಲ್ಲಿ, ಪರದೆ ಬಟ್ಟೆಗಳ ವಿಭಾಗದಲ್ಲಿ, ಬಿಲ್ಲಮ್ಮ ಮೂವತ್ತೊಂದು ವರ್ಷ ನಿಂತವಳು. ಬಿಲ್ಲು ಹರಿಯದೆ ಒಬ್ಬ ಗಿರಾಕಿಯನ್ನೂ ಕೆಳಗಿಳಿಸುವುದಿಲ್ಲ ಎಂದು ಅವಳಿಗೆ ಆ ಹೆಸರು ಬಿದ್ದದ್ದು. ಈಗ ಮನೆಯಲ್ಲೂ ಅದೇ ನಿಂತುಬಿಟ್ಟಿದೆ. ಸೊಸೆ ಹತ್ತೊಂಬತ್ತನೇ ವಯಸ್ಸಿಗೆ ಅದೇ ಕೌಂಟರಿಗೆ ಸೇರಿ, ನಾಲ್ಕು ವರ್ಷ ಅವಳ ಕೈಕೆಳಗೆ ಪಳಗಿದಳು. ಪಳಗಿದ್ದು ನೋಡಿ ಬಿಲ್ಲಮ್ಮ ಮಗನಿಗೇ ತಂದುಕೊಂಡಳು. ಮದುವೆಯಾದ ವಾರಕ್ಕೇ ಹೇಳಿದ್ದಳು: "ಮಾರಿದ ಸರಕು ವಾಪಸ್ ತಗೊಳ್ಳಲ್ಲ ಕಣೇ. ಚೆನ್ನಾಗಿ ನೋಡಿಯೇ ತಗೊಂಡಿದ್ದೀಯ ತಾನೆ?"

ಬಸ್ಸಿನಲ್ಲಿ ಕೂತ ಮೇಲೆ ಬಿಲ್ಲಮ್ಮ ನಕ್ಕಳು. "ಒಂದೇ ಉಳಿದಿದೆಯಂತೆ. ಕೇಳಿದೆಯಾ?"

"ನಿಜವಾಗಲೂ ಒಂದೇ ಇರೋದು ಅತ್ತೆ."

"ನಾನೂ ಹಾಗೇ ಅಂತಿದ್ದೆ. 'ಇದೊಂದೇ ತಾನು ಉಳಿದಿರೋದು ಅಮ್ಮ, ಸಂಜೆಗೆ ಇರಲ್ಲ.' ಕೌಂಟರ್ ಕೆಳಗೆ ಅದೇ ಬಟ್ಟೆಯ ಸುರುಳಿ, ಇನ್ನೂ ಆರು ತಾನು, ಬಿದ್ದಿರ್ತಿತ್ತು. ಒಂದು ದಿನಕ್ಕೆ ಇಪ್ಪತ್ತು ಸಲ ಅಂದಿದ್ದೀನಿ ಆ ಮಾತು. ಆ ಹುಡುಗಿ ನನಗೇ ಹೇಳೋಕೆ ಬಂದ್ಲು. ಗುರುವಿಗೇ ತಿರುಮಂತ್ರ!"

ಸೊಸೆಯ ಕಣ್ಣು ಅತ್ತೆಯ ಪಾದದ ಮೇಲಿತ್ತು. ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು. ಹೋದ ತಿಂಗಳು ಇದೇ ಬಸ್ಸಿನಿಂದ ಇಳಿದವಳು ರಸ್ತೆಯ ನಟ್ಟನಡುವೆ ನಿಂತು, ಎರಡೂ ಕಡೆಯಿಂದ ಹಾರ್ನ್ ಹೊಡೆದರೂ ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ತಬ್ಬಿಬ್ಬಾಗಿದ್ದಳು. ಮೊನ್ನೆ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದು ಕೈ ಸುಟ್ಟುಕೊಂಡದ್ದು ಇನ್ನೂ ಮಾಗಿಲ್ಲ. ಕೇಳಿದರೆ, ಲೋಟದ್ದೇ ತಪ್ಪು.

ಆವತ್ತು ಸೋಮವಾರ. ಗುರುವಾರ ಸಂಜೆ ಐದಕ್ಕೆ ಇನ್ನು ಮೂರು ದಿನ.

ಮಂಗಳವಾರ ಬೆಳಿಗ್ಗೆ ಸೊಸೆ ಕೆಲಸ ಶುರು ಮಾಡಿದಳು. ಡಬ್ಬಿಗೆ ಊಟ ಕಟ್ಟುತ್ತಾ, ಏನೂ ಆಗಿಲ್ಲವೆಂಬಂತೆ ಕೇಳಿದಳು. "ಅತ್ತೆ, ಶುಕ್ರವಾರ ಏಳೂವರೆ ಬಸ್ಸಿಗೆ ಹೋಗೋಣ್ವಾ, ಎಂಟಕ್ಕಾ?"

"ನೀಲಿ ಕೊಡ್ಲಾ, ಹಸಿರು ಕೊಡ್ಲಾ ಅಂತ ಕೇಳ್ತಿದ್ದೀಯ," ಎಂದಳು ಬಿಲ್ಲಮ್ಮ, ಚಹಾ ಊದುತ್ತಾ. "ಪರದೆಯೇ ಬೇಡ ಅನ್ನೋಳಿಗೆ ಬಣ್ಣ ಯಾಕೆ ತಾಯಿ?"

ಮಧ್ಯಾಹ್ನ, ತಾನಿನ್ನೂ ಕೆಲಸಕ್ಕೆ ಹೋಗುವ ಅದೇ ಅಂಗಡಿಯಿಂದ ಸೊಸೆ ಫೋನು ಮಾಡಿ, ಹಿಂದಿನ ಬೀದಿಯ ದರ್ಜಿಯ ಹೆಂಡತಿ ಇದೇ ಆಪರೇಷನ್ ಮಾಡಿಸಿಕೊಂಡು ಈಗ ಸೂಜಿಗೆ ದಾರ ಪೋಣಿಸುತ್ತಾಳಂತೆ ಎಂದಳು.

"ಪಕ್ಕದ ಮನೆಯವರೂ ಇದನ್ನೇ ತಗೊಂಡ್ರು," ಎಂದಳು ಬಿಲ್ಲಮ್ಮ, ಅಂಗಡಿಯ ದನಿಯಲ್ಲೇ. "ಈ ಪಾಠ ನಿನಗೆ ಎರಡನೇ ವಾರ ಹೇಳಿದ್ದೆ. ಅವತ್ತೂ ನೀನು ಹೀಗೇ ಅವಸರ ಮಾಡಿ ಹೇಳ್ತಿದ್ದೆ. ಉಸಿರು ತಗೋ."

ಸಂಜೆ ಕಾರ್ಖಾನೆಯಿಂದ ಬಂದ ಗಂಡ ತನಗೆ ತಿಳಿದ ಒಂದೇ ದಾರಿ ಹಿಡಿದ. "ಅಮ್ಮಾ, ನಾಟಕ ಸಾಕು. ಶುಕ್ರವಾರ ಹೋಗ್ತಿದ್ದೀಯ, ಅಷ್ಟೇ!"

"ಗಿರಾಕಿ ಮೇಲೆ ಕೂಗಾಡೋನು ಗೋಡೌನಿಗೆ ಸರಿ, ಕೌಂಟರಿಗಲ್ಲ," ಎಂದಳು ತಾಯಿ. ಅವನು ಕೈ ತೊಳೆಯಲು ಹೋದ. ಕೂಗಾಟ ಅಲ್ಲಿಗೆ ಮುಗಿಯಿತು.

ಊಟವಾದ ಮೇಲೆ ಸೊಸೆ ಕೊನೆಯ ಅಸ್ತ್ರ ತೆಗೆದಳು. ಅತ್ತೆಯ ಎದುರು ಕೂತು ನೇರವಾಗಿ ಕೇಳಿದಳು. "ಶುಕ್ರವಾರ ಬರ್ತೀರಾ ಅತ್ತೆ?" ಕೇಳಿ, ಬಾಯಿ ಮುಚ್ಚಿದಳು.

ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ ಇದೇ. ಬೆಲೆ ಹೇಳಿದ ಮೇಲೆ ತುಟಿ ಬಿಚ್ಚಬಾರದು. ಗಿರಾಕಿ ಬಟ್ಟೆ ಮುಟ್ಟಲಿ, ಗಂಡನ ಮುಖ ನೋಡಲಿ, ನಿಟ್ಟುಸಿರು ಬಿಡಲಿ, ಮಾರುವವಳು ಕಲ್ಲಿನಂತಿರಬೇಕು. ಮೊದಲು ಮಾತಾಡಿದವರು ಸೋತರು.

ಆದರೆ ಎದುರಿಗಿದ್ದವಳು ಬಿಲ್ಲಮ್ಮ. ಅವಳೂ ಬಾಯಿ ಮುಚ್ಚಿದಳು.

ಬುಧವಾರ ಇಡೀ ದಿನ ಆ ಮನೆಯಲ್ಲಿ ಹೆಂಗಸರ ದನಿ ಕೇಳಲಿಲ್ಲ. ಚಹಾ ಬಂತು, ಲೋಟ ಖಾಲಿಯಾಗಿ ಹೋಯಿತು. ಉಪ್ಪು ಬೇಕಾದಾಗ ಅತ್ತೆ ಕೈ ಚಾಚಿದಳು, ಸೊಸೆ ಕೊಟ್ಟಳು. ಸಂಜೆ ಶಾಲೆಯ ಲೆಕ್ಕ ಬಿಡಿಸುತ್ತಿದ್ದ ಹತ್ತು ವರ್ಷದ ಮಗಳು ತಾಳಲಾರದೆ ಅಪ್ಪನ ಕಿವಿಯಲ್ಲಿ ಕೇಳಿದಳು. "ಅಮ್ಮಾನೂ ಅಜ್ಜೀನೂ ಜಗಳ ಆಡಿದ್ದಾರಾ?"

"ಇಲ್ಲ ಮಗಳೇ," ಎಂದ ಅವನು. "ವ್ಯಾಪಾರ ನಡೀತಿದೆ."

ಗುರುವಾರ ಮಧ್ಯಾಹ್ನ ಅಂಗಡಿಗೆ ಹೊಸದಾಗಿ ಮನೆ ಮಾಡಿದ ಗಂಡ ಹೆಂಡತಿ ಬಂದರು. ಹುಡುಗಿಯ ಕಣ್ಣು ಬೂದು ಬಣ್ಣದ ಪರದೆಯ ಮೇಲೆ ಬಿದ್ದಿತ್ತು. ಸೊಸೆ ಬಟ್ಟೆಯನ್ನು ಹರವಿ, ತುದಿಯನ್ನು ಅವಳ ಕೈಗಿಟ್ಟಳು. ತಲೆಗಿಂತ ಮೊದಲು ಕೈ ಕೊಂಡುಕೊಳ್ಳುತ್ತದೆ. ಹುಡುಗಿ ಸವರಿ ಸವರಿ ನೋಡಿದಳು. ಹುಡುಗ ಗಡಿಯಾರ ನೋಡಿ, ಭಾನುವಾರ ಬರೋಣ ಎಂದ. ಇನ್ನು ಒಂದೇ ಮಾತು ಸಾಕಿತ್ತು.

"ಇದೊಂದೇ ತಾನು..." ಎಂದು ಶುರುಮಾಡಿದ ಸೊಸೆಯ ನಾಲಿಗೆ ಅಲ್ಲೇ ನಿಂತಿತು. ಅವಳ ಮೊಣಕಾಲಿಗೆ ತಾಗಿಕೊಂಡೇ ಇನ್ನೂ ನಾಲ್ಕು ತಾನುಗಳಿದ್ದವು.

ಸಾವಿರ ಸಲ ಈ ಮಾತು ಹೇಳಿ ಹೇಳಿ ಅದರೊಳಗಿನ ತಿರುಳನ್ನೇ ತೆಗೆದುಹಾಕಿದ್ದೇವಲ್ಲ ಎನ್ನಿಸಿತು ಅವಳಿಗೆ. ಈಗ ಒಂದು ಕಣ್ಣು ಹೋಗುವ ಹೊತ್ತಿಗೆ, ನಿಜವಾಗಿಯೂ ಒಂದೇ ಉಳಿದಿರುವಾಗ, ಅದನ್ನು ಹೇಳಲು ಬೇರೆ ಮಾತೇ ಇಲ್ಲ. ಅತ್ತೆ ಹಟ ಮಾಡುತ್ತಿಲ್ಲ. ಅತ್ತೆಗೆ ಕೇಳಿಸುತ್ತಿರುವುದೇ ಹಾಗೆ. ಯಾರು ಏನು ಹೇಳಿದರೂ ಅವಳಿಗೆ ಕೌಂಟರಿನ ಆಚೆ ನಿಂತು ಮಾರುವವರೇ ಕಾಣುತ್ತಾರೆ.

"ಭಾನುವಾರ ಬನ್ನಿ, ಇನ್ನೂ ಇರುತ್ತೆ" ಎಂದುಬಿಟ್ಟಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಹೋದರು. ಮ್ಯಾನೇಜರ್ ದೂರದಿಂದ ಕಣ್ಣು ಕೆಕ್ಕರಿಸಿದ. ಅವಳು ಅವನ ಹತ್ತಿರವೇ ಹೋಗಿ, ಮನೆಗೆ ಹೋಗಬೇಕು ಸಾರ್ ಎಂದು ಕೇಳಿ, ಉತ್ತರಕ್ಕೆ ಪೂರ್ತಿ ಕಾಯದೆ ಮೆಟ್ಟಿಲಿಳಿದಳು.

ಮನೆಗೆ ಬಂದಾಗ ಮೂರೂ ಮುಕ್ಕಾಲು. ಬಿಲ್ಲಮ್ಮ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕಣ್ಣು ಎಲ್ಲೋ ಇದ್ದರೂ ಬೆರಳುಗಳು ಅಂಚಿಗೆ ಅಂಚು ಕೂಡಿಸಿ, ಹಾಸಿಗೆಯ ದುಪ್ಪಟಿಗಳನ್ನು ಅಂಗಡಿಯ ಮಡಿಕೆಯಲ್ಲೇ ಪೇರಿಸುತ್ತಿದ್ದವು.

ಸೊಸೆ ಎದುರಿಗೆ ನೆಲದ ಮೇಲೆ ಕೂತಳು. "ನೀವೇ ಗೆದ್ರಿ. ಮೊದಲು ನಾನೇ ಮಾತಾಡ್ತಿದ್ದೀನಿ."

"ಇದೂ ಒಂದು ವರಸೆ," ಎಂದಳು ಬಿಲ್ಲಮ್ಮ. "ಸೋತ ಹಾಗೆ ಮಾಡಿ ಗಿರಾಕಿಗೆ ಖುಷಿ ಕೊಡೋದು."

"ಅತ್ತೆ, ಸುಳ್ಳಲ್ಲ..."

"ಸುಳ್ಳು ಅಂತ ನಾನೆಲ್ಲಿ ಅಂದೆ? ಚೆನ್ನಾಗಿ ಮಾರ್ತೀಯ. ನಾನೇ ಕಲಿಸಿದ್ದಲ್ವಾ."

"ಹಾಗಾದ್ರೆ ನಾನು ಯಾವ ಮಾತಲ್ಲಿ ಹೇಳ್ಲಿ?" ಸೊಸೆಯ ದನಿ ತನಗೇ ಗೊತ್ತಿಲ್ಲದಂತೆ ಮೇಲೇರಿತು. "ಏನು ಬಾಯಿ ಬಿಟ್ರೂ ಅದು ನೀವು ಕೊಟ್ಟ ಮಾತೇ. ಮೆತ್ತಗೆ ಹೇಳಿದ್ರೆ ಪಾಠ ಒಂದು, ಸುಮ್ಮನಿದ್ರೆ ಪಾಠ ಎರಡು, ಅತ್ರೆ ಅದಕ್ಕೂ ಒಂದು ನಂಬರ್ ಇಟ್ಟಿರ್ತೀರಿ. ನನಗೆ ಸಾಕಾಗಿದೆ ಅತ್ತೆ. ನಿಜವಾಗ್ಲೂ ಸಾಕಾಗಿದೆ."

ಬಿಲ್ಲಮ್ಮನ ಕೈ ದುಪ್ಪಟಿಯ ಮೇಲೆ ನಿಂತಿತು.

"ಐದಕ್ಕೆ ಏಳ್ತೀನಿ. ಹತ್ತು ಗಂಟೆ ಹೊತ್ತು ನಿಂತೇ ಇರ್ತೀನಿ. ಕಾಲಿನ ನರ ಹಗ್ಗದ ಹಾಗೆ ಎದ್ದಿದೆ, ಯಾರಿಗೂ ತೋರಿಸಿಲ್ಲ. ದಿನಕ್ಕೆ ಮೂರು ಸಲ ನಿಮಗೆ ಫೋನ್ ಮಾಡ್ತೀನಲ್ಲ, ಊಟ ಆಯ್ತಾ ಅಂತ ಕೇಳೋಕಲ್ಲ. ಗ್ಯಾಸ್ ಆರಿಸಿದ್ರಾ, ಬಿದ್ರಾ, ಇದ್ದೀರಾ ಅಂತ. ಹೋದ ವಾರ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮಧ್ಯದಲ್ಲಿ ಓಡಿಬಂದೆ. ನೀವು ಫೋನ್ ಎತ್ತಲಿಲ್ಲ. ನಿದ್ದೆ ಮಾಡ್ತಿದ್ರಿ. ಬಾಗಿಲಲ್ಲೇ ನಿಂತು ನೋಡಿ ವಾಪಸ್ ಹೋದೆ. ನಿಮ್ಮ ಕಣ್ಣು ಪೂರ್ತಿ ಹೋದ್ರೆ ನಿಮ್ಮನ್ನ ನೋಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಅತ್ತೆ. ಆಗಲ್ಲ. ಸೊಸೆಯಾದವಳು ಹೀಗನ್ನಬಾರದು, ಗೊತ್ತು. ಆದ್ರೂ ಆಗಲ್ಲ."

ಅಂದಾದ ಮೇಲೆ ಅವಳಿಗೆ ಇನ್ನೊಂದು ಪಾಠ ನೆನಪಾಯಿತು. ನಿನ್ನ ಕಷ್ಟವನ್ನು ಗಿರಾಕಿಯ ಮುಂದೆ ಹರವಬೇಡ, ಅವರು ನಿನ್ನ ಕಾಲುನೋವು ಕೊಳ್ಳಲು ಬಂದಿಲ್ಲ ಎಂದು ಮೊದಲ ದಿನವೇ ಕಲಿತಿದ್ದಳು. ಅದಿರಲಿ, ವಯಸ್ಸಾದ ಜೀವಕ್ಕೆ 'ನೀನು ನನಗೆ ಭಾರ' ಅಂದಹಾಗಾಯಿತಲ್ಲ. ಆಡಿದ ಮಾತು, ಒಡೆದ ಮುತ್ತು. ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಬಾಯಿ ತೆರೆದಳು, ಆಗಲಿಲ್ಲ, ಅದು ನಿಜವಾಗಿತ್ತು.

ಬಿಲ್ಲಮ್ಮ ಅರ್ಧ ಮಡಿಸಿದ ದುಪ್ಪಟಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಬೀದಿಯಲ್ಲಿ ಯಾರೋ ಗಾಡಿ ಶುರುಮಾಡಲು ಒದ್ದೂ ಒದ್ದೂ ಬಿಟ್ಟುಬಿಟ್ಟರು.

"ಇದನ್ನ ಯಾರು ಕಲಿಸಿದ್ರು ನಿನಗೆ?"

"ಯಾರೂ ಇಲ್ಲ."

"ಹೂಂ. ನಾನಂತೂ ಕಲಿಸಿಲ್ಲ." ದುಪ್ಪಟಿಯನ್ನು ಪಕ್ಕಕ್ಕೆ ಸರಿಸಿದಳು. "ಹೀಗೆ ಹೇಳಿ ಯಾರೂ ಏನನ್ನೂ ಮಾರಲ್ಲ."

ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದಳು. ಸೊಸೆ ಇಷ್ಟು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ. "ಎಚ್ಚರ ಇರುವಾಗಲೇ ಕಣ್ಣೊಳಗೆ ಕೈ ಹಾಕ್ತಾರಂತಲ್ಲ. ಹೌದಾ?"

ಪ್ರಶ್ನೆ ಕೇಳುವ ಗಿರಾಕಿ ಅರ್ಧ ಕೊಂಡ ಹಾಗೇ ಎಂಬುದು ಸೊಸೆಗೆ ಗೊತ್ತಿತ್ತು. ಈಗ ಒಂದು ನಗು, ಒಂದು ಧೈರ್ಯದ ಮಾತು, ಕೆಲಸ ಮುಗಿಯುತ್ತಿತ್ತು. ಅವಳು ಅದಕ್ಕೆ ಕೈ ಹಾಕಲಿಲ್ಲ.

"ಗೊತ್ತಿಲ್ಲ ಅತ್ತೆ. ಕೇಳೋಣ."

ಆಸ್ಪತ್ರೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಇಬ್ಬರ ನಡುವೆ ಮಂಚದ ಮೇಲಿಟ್ಟಳು. ಅದೇ ಹುಡುಗಿ ಎತ್ತಿದಳು. ಬಿಲ್ಲಮ್ಮ ಬಾಗಿ, ಫೋನಿಗೆ ಬಾಯಿ ತಾಗುವಷ್ಟು ಹತ್ತಿರದಿಂದ ಕೇಳಿದಳು. ನೋವಾಗುತ್ತಾ? ಸೂಜಿ ಕಾಣುತ್ತಾ? ಕೆಮ್ಮು ಬಂದರೆ? ಹುಡುಗಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಎಚ್ಚರ ಇರುತ್ತೆ, ಬೆಳಕು ಕಾಣುತ್ತೆ, ಸೂಜಿ ಕಾಣಲ್ಲ, ಕೆಮ್ಮು ಬರುವ ಹಾಗಿದ್ದರೆ ಮೊದಲೇ ಹೇಳಬೇಕು.

"ಕೆಟ್ಟುಹೋದದ್ದೂ ಉಂಟಾ?"

"ಉಂಟು ಅಜ್ಜಿ. ಅಪರೂಪಕ್ಕೆ. ನಿಮ್ಮದು ಬಲಿತಿರೋದರಿಂದ ಸ್ವಲ್ಪ ಹೆಚ್ಚೇ ಎಚ್ಚರ ಬೇಕು ಅಂತ ಡಾಕ್ಟರ್ ಹೇಳಿದ್ದಾರೆ."

ಬಿಲ್ಲಮ್ಮ ತಲೆ ಆಡಿಸಿದಳು. ದೋಷ ಮುಚ್ಚಿಡದ ಅಂಗಡಿಯನ್ನು ಕಂಡಂತಿತ್ತು ಅವಳ ಮುಖ. "ಹೆಸರು ಬರಕೋ," ಎಂದಳು. ಅಡ್ಡಹೆಸರನ್ನಲ್ಲ, ತನ್ನ ಪೂರ್ತಿ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು.

ಶುಕ್ರವಾರ ಬಸ್ಸಿನಲ್ಲಿ ಬಿಲ್ಲಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, ಇಳಿಯುವ ಸ್ಟಾಪ್ ಬಂದಾಗ ಕೇಳಿದಳು. "ನಿನ್ನೆ ಅಂದೆಯಲ್ಲ, ಆಗಲ್ಲ ಅಂತ."

"ಅಂದೆ."

"ಬೇಜಾರಾಯ್ತು."

"ಗೊತ್ತು ಅತ್ತೆ."

"ಬೇಜಾರಾಯ್ತು ಅಂತ ಹೇಳಿದೆ. ಹಿಂದಕ್ಕೆ ತಗೋ ಅಂತ ಹೇಳ್ಲಿಲ್ಲ." ಎಂದು ಸೊಸೆಯ ತೋಳು ಹಿಡಿದು ಇಳಿದಳು.

ಹಸಿರು ಬಾಗಿಲಿನ ಆಚೆ ಅವಳನ್ನು ಕರೆದೊಯ್ದ ಮೇಲೆ ಸೊಸೆ ಬೆಂಚಿನ ಮೇಲೆ ಕೂತಳು. ಒಳಗೆ ಏನಾದರೂ ಹೆಚ್ಚುಕಮ್ಮಿಯಾದರೆ, ತನ್ನ ಆಯಾಸಕ್ಕಾಗಿ ಅತ್ತೆಯ ಕಣ್ಣನ್ನು ಪಣಕ್ಕಿಟ್ಟಂತಾಗುವುದಿಲ್ಲವೇ? ಮಾರಿದವಳಿಗೆ ಬಿಲ್ಲು ಹರಿದರೆ ಮುಗಿಯಿತು; ಇಲ್ಲಿ ಹಾಗಲ್ಲ. ಮುಕ್ಕಾಲು ಗಂಟೆ ಅವಳು ಬೆಂಚಿನ ತುದಿಯಲ್ಲೇ ಕೂತಿದ್ದಳು, ಒರಗಲಿಲ್ಲ. ಬಾಗಿಲು ತೆರೆದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಅತ್ತೆ ದಾದಿಯ ಕೈ ಹಿಡಿದು ಬಂದಾಗಲೂ, ಡಾಕ್ಟರ್ ಹಿಂದೆಯೇ ಬಂದು "ಸರಿಯಾಗಿ ಆಯ್ತು" ಎಂದಾಗಲೂ, ಅವಳ ಆತಂಕ ಪೂರ್ತಿ ಇಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಬಿಲ್ಲಮ್ಮ ಕಣ್ಣು ಮಿಟುಕಿಸಿದಳು, ನೀರು ಸುರಿಯಿತು. ದಾದಿ ಒರೆಸಿದಳು. ಎದುರಿನ ಗೋಡೆಯ ಪಟದಲ್ಲಿದ್ದ ಅಕ್ಷರಗಳನ್ನು ನಾಲ್ಕನೇ ಸಾಲಿನವರೆಗೆ ಓದಿದಳು. ಆಮೇಲೆ ಪಕ್ಕಕ್ಕೆ ತಿರುಗಿದಳು.

"ಹತ್ತಿರ ಬಾ. ಕಿಟಕಿ ಕಡೆ."

ಸೊಸೆ ಬಗ್ಗಿದಳು. ಬಿಲ್ಲಮ್ಮ ಅವಳ ಗಲ್ಲ ಹಿಡಿದು, ಬಟ್ಟೆಯ ನೇಯ್ಗೆಯನ್ನು ನೋಡುವವಳಂತೆ ಮುಖವನ್ನು ಬೆಳಕಿಗೆ ತಿರುಗಿಸಿದಳು. ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಗುಳಿ, ಕಿವಿಯ ಹತ್ತಿರದ ನರೆಗೂದಲು, ಒಂದನ್ನೂ ಬಿಡದೆ ನೋಡಿದಳು.

"ಕೂದಲು ಯಾವಾಗ ಬೆಳ್ಳಗಾಯ್ತೇ?"

"ಎರಡು ವರ್ಷ ಆಯ್ತಲ್ಲ ಅತ್ತೆ."

ಬಿಲ್ಲಮ್ಮ ಗಲ್ಲ ಬಿಡಲಿಲ್ಲ. ಹೊಸ ಕಣ್ಣಲ್ಲಿ ಮತ್ತೆ ನೀರು ತುಂಬಿತು. ದಾದಿ ಹತ್ತಿ ಹಿಡಿದು ಬಂದರೆ ಬೇಡವೆಂದು ಕೈ ಅಡ್ಡ ಹಿಡಿದಳು.

"ಅವತ್ತು ನಿನ್ನ ಕಷ್ಟ ಅಷ್ಟೆಲ್ಲಾ ಹೇಳಿದೆ," ಎಂದಳು. "ಅದೂ ಕಮ್ಮಿ ಮಾಡಿಯೇ ಹೇಳಿದ್ದೀಯ."