ಮಾವನ ಹೆಸರು ಕೇಳಿದ ಫೋನು

ನನ್ನದೊಂದು ಸಣ್ಣ ಚಿಂತೆ, ಇಲ್ಲಿ ಮಾತ್ರ ಬರೆದುಕೊಳ್ಳುತ್ತೇನೆ. ಸಭೆಯಲ್ಲಿ ಬಾಯಿ ತೆರೆದರೆ ನನ್ನ ಕತ್ತು ಬೆವರುತ್ತದೆ, ಅದನ್ನು ಪಕ್ಕದವರು ನೋಡುತ್ತಾರೆ. ಹಾಗಾಗಿ ತೆರೆಯುವುದೇ ಇಲ್ಲ.

ದಕ್ಷಿಣ ಆಫ್ರಿಕಾದ ಮ್ತಾತಾ ಪಟ್ಟಣದ ನಮ್ಮ ಕಚೇರಿಯಲ್ಲಿ ಬಸುರಿಯರಿಗಾಗಿ ಒಂದು ಫೋನ್ ಸೇವೆ ಕಟ್ಟುತ್ತಿದ್ದೆವು. ಗುಡ್ಡದ ಹಳ್ಳಿಗಳಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ಕರೆ ಬಂದರೆ ಯಂತ್ರದ ದನಿ ಮನೆಯ ಯಜಮಾನನ ಹೆಸರು ಕೇಳಬೇಕು. ಹೆಸರು ಹೇಳಿದರೆ ಆಂಬುಲೆನ್ಸ್ ಹೊರಡಬೇಕು.

"ಇದಕ್ಕಿಂತ ಸುಲಭ ಇನ್ನೇನಿದೆ?" ಎಂದು ತಂಡದ ಮುಖ್ಯಸ್ಥ ಲುವುಯೊ ಮೇಜು ತಟ್ಟಿದ. "ತನ್ನ ಮನೆ ಯಜಮಾನನ ಹೆಸರು ಗೊತ್ತಿಲ್ಲದ ಹೆಂಗಸು ಇದ್ದಾಳಾ? ಏನಮ್ಮಾ ಝೋಲೇಕಾ, ನಾಲಿಗೆ ಮನೇಲೇ ಬಿಟ್ಟು ಬಂದ್ಯಾ?" ಎಂದು ನನ್ನ ಕಡೆ ತಿರುಗಿದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಳ್ಳಿಯ ಮನೆಗಳಲ್ಲಿ ಯಜಮಾನನೆಂದರೆ ಮಾವ, ನಮ್ಮಲ್ಲಿ ಸೊಸೆಯಾದವಳು ಅವನ ಹೆಸರು ಹೇಳುವಂತಿಲ್ಲ. ನನ್ನ ಅಮ್ಮ ಮದುವೆಯಾಗಿ ಮೂವತ್ತು ವರ್ಷವಾಯಿತು, ಇವತ್ತಿಗೂ ಮಾವನ ಹೆಸರನ್ನು ಬಾಯಿಗೆ ತಂದಿಲ್ಲ. ಆ ಹೆಸರನ್ನು ಹೋಲುವ ಮಾತುಗಳನ್ನೂ ಬಿಟ್ಟು ಬೇರೆ ಮಾತು ಹುಡುಕಿಕೊಂಡಿದ್ದಾಳೆ. ಲುವುಯೊನ ಅಮ್ಮನೂ ಹಾಗೆಯೇ ಇರಬೇಕು. ಗಂಡಸರ ಕಿವಿಗೆ ಅದು ಬಿದ್ದಿರಲಿಕ್ಕಿಲ್ಲ. ಆದರೂ ಆ ಸಂಜೆಯೇ ಕುಳಿತು ಪ್ರಶ್ನೆಯನ್ನು ಬರೆದು ಮುಗಿಸಿದೆ. ಉತ್ತರವಿಲ್ಲದೆ ಕರೆ ಮುಂದೆ ಹೋಗದಂತೆ, ಅಚ್ಚುಕಟ್ಟಾಗಿ.

ಸೇವೆ ಶುರುವಾದ ಮೇಲೆ ಕರೆಗಳ ಧ್ವನಿಮುದ್ರಣ ಕೇಳುವ ಕೆಲಸವೂ ನನಗೇ ಬಂತು. ಎಷ್ಟೋ ಕರೆಗಳಲ್ಲಿ ಮಾತೇ ಇಲ್ಲ. 'ಹುಡುಗಾಟ' ಎಂದು ಯಂತ್ರ ಗುರುತು ಹಾಕಿತ್ತು. ಒಂದರಲ್ಲಿ ಏದುಸಿರು.

"ಯಜಮಾನರ ಹೆಸರು ಹೇಳಿ."

"ಕೆಂಪು ಬಾಗಿಲಿನ ಕೊಟ್ಟಿಗೆಯವ್ರ ಮನೆ... ನಾನು ಅವ್ರ ಸೊಸೆ..."

"ಹೆಸರು ಸರಿಯಾಗಿಲ್ಲ."

ಮೂರು ಸಲ ಹೀಗೆಯೇ. ಆಮೇಲೆ ಕರೆ ಕಡಿದುಹೋಗಿತ್ತು. ನಾನು ಅದನ್ನು ನಾಲ್ಕು ಬಾರಿ ಕೇಳಿದೆ.

ಗುರುವಾರ ಆ ಮನೆಯನ್ನು ಹುಡುಕಿಕೊಂಡು ಲುವುಯೊನ ಜೊತೆ ಹೋದೆ. ಕೂಸು ಆಸ್ಪತ್ರೆಯ ಹಾದಿಯಲ್ಲೇ ಹುಟ್ಟಿ, ಉಳಿಯಲಿಲ್ಲವಂತೆ. ಸೊಸೆ ನೊಖ್ವೇಝಿ ಹಣೆ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿ, ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಅತ್ತೆ ನಮಗೆ ಹುಳಿಹಾಲು ತಂದುಕೊಟ್ಟರು.

"ಫೋನು ಕೆಟ್ಟಿತ್ತೇನಪ್ಪಾ?" ಎಂದು ಲುವುಯೊನನ್ನು ಕೇಳಿದರು. "ಇವಳು ನೋಡಿದ್ರೆ ಎಲ್ಲಾ ತನ್ನದೇ ತಪ್ಪು ಅಂತಾಳೆ. ಏನು ತಪ್ಪು ಮಾಡಿದ್ಯೇ ಅಂದ್ರೆ ಬಾಯಿ ಬಿಡಲ್ಲ. ಅನ್ನ ನೀರು ಬಿಟ್ಟು ಹೀಗೇ ಕೂತಿರ್ತಾಳೆ."

"ಸಿಗ್ನಲ್ ತೊಂದ್ರೆ ಇರ್ಬೇಕು, ಅಮ್ಮಾ. ಈ ಗುಡ್ಡದಲ್ಲಿ ಅದು ಇದ್ದದ್ದೇ."

ನೊಖ್ವೇಝಿ ಚಾಪೆಯ ಒಂದು ಎಳೆಯನ್ನು ಕೀಳುತ್ತಲೇ ಇದ್ದಳು. ಲುವುಯೊ ಎದ್ದು ಟೋಪಿ ಕೈಗೆತ್ತಿಕೊಂಡ. ನಾನು ಏಳಲಿಲ್ಲ.

"ಸಿಗ್ನಲ್ ಸರಿಯಾಗೇ ಇತ್ತು," ಎಂದೆ. "ಫೋನು ನಿನ್ನ ಮಾವನ ಹೆಸರು ಕೇಳ್ತು, ಅಕ್ಕಾ. ಕೇಳೋ ಹಾಗೆ ಮಾಡಿದ್ದು ನಾನು. ಯಾವ ಸೊಸೇನೂ ಹೇಳಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ."