ಕೊನೆಯ ರೇಸಿನ ಟಿಕೆಟ್

ಬೆಳಗಿನಿಂದ ಓದಿ ಓದಿ ವರ್ನಾಳ ಗಂಟಲು ಒಣಗಿತ್ತು. ತಾನು ಬಾಜಿ ಕಟ್ಟುವ ಕುದುರೆಗಳ ಲೆಕ್ಕಾಚಾರದ ಜೊತೆಗೆ ಆರ್ವಿಡ್‌ಗೂ ಎಲ್ಲವನ್ನೂ ಓದಿ ಹೇಳಬೇಕಿತ್ತು. ಯಾವ ಕುದುರೆ ಹಿಂದಿನ ಸಲ ಎಲ್ಲಿ ಓಡಿತು, ಸವಾರ ಯಾರು, ಕೆಸರಿನಲ್ಲಿ ಹೇಗೆ. ಆರ್ವಿಡ್‌ನ ಕಣ್ಣುಗಳ ನಡುಭಾಗಕ್ಕೆ ಮಬ್ಬು ಕವಿದಿತ್ತು. ಎದುರಿಗೆ ಕೂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಓಹಾಯೊದ ಆ ಪುಟ್ಟ ರೇಸ್ ಕೋರ್ಸಿನಲ್ಲಿ ಪ್ರತಿ ಅಕ್ಟೋಬರಿನಲ್ಲೂ ಕುದುರೆ ಆರಿಸುವವರ ಸ್ಪರ್ಧೆ ನಡೆಯುತ್ತದೆ. ಎಲ್ಲರೂ ಒಂದೇ ಮೊತ್ತ ಹಿಡಿದು ದಿನವಿಡೀ ಬಾಜಿ ಕಟ್ಟುತ್ತಾರೆ. ಸಂಜೆಗೆ ಯಾರ ಕೈಯಲ್ಲಿ ಹೆಚ್ಚು ಉಳಿದಿರುತ್ತದೋ ಅಂಥ ಇಬ್ಬರು ಲಾಸ್ ವೇಗಸ್‌ನ ಅಂತಿಮ ಸ್ಪರ್ಧೆಗೆ ಹೋಗುತ್ತಾರೆ. ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಕಾಲದಿಂದಲೂ ವರ್ನಾ ಬರುತ್ತಿದ್ದಳು. ಸ್ಕೂಲ್ ಬಸ್ಸು ರಿಪೇರಿ ಮಾಡುತ್ತಿದ್ದ ಆರ್ವಿಡ್ ಅವಳಿಗಿಂತ ಹಳಬ. ಇಬ್ಬರೂ ಒಂದೇ ಕಾರಿನಲ್ಲಿ ಬಂದು ಒಂದೇ ಮೇಜು ಹಿಡಿಯುತ್ತಿದ್ದರು. ವೇಗಸ್ ಮಾತ್ರ ಇಬ್ಬರಿಗೂ ದಕ್ಕಿರಲಿಲ್ಲ.

ಈ ಸಲ ಕೊನೆಯ ರೇಸಿಗೆ ಮುಂಚೆ ಪರದೆಯ ಮೇಲಿನ ಪಟ್ಟಿಯಲ್ಲಿ ವರ್ನಾಳ ಹೆಸರು ಎರಡನೆಯದಾಗಿತ್ತು. ಅವಳು ಇನ್ನು ಬಾಜಿ ಕಟ್ಟದೆ ಕೂರುವುದೆಂದುಕೊಂಡಳು. ತುಂಬಾ ಕೆಳಗಿದ್ದ ಆರ್ವಿಡ್, ಉಳಿದದ್ದನ್ನೆಲ್ಲ ಏಳನೇ ನಂಬರಿನ ಹೆಣ್ಣುಕುದುರೆಯ ಮೇಲೆ ಹಾಕುವುದಾಗಿ ಹೇಳಿದ. ಅದು ಗೆದ್ದರೆ ವರ್ನಾಳನ್ನು ದಾಟಿ ಹೋಗುತ್ತಿದ್ದ. ತಾನೇ ಹೋಗಿ ಟಿಕೆಟ್ ತರಲೇ ಎಂದು ಅವಳು ಕೇಳಿದಳು.

"ಕಣ್ಣು ಹೋದ್ರೂ ಬೆರಳು ಇದೆ ಕಣೇ," ಎನ್ನುತ್ತ ಅವನು ಕುರ್ಚಿಗಳ ಬೆನ್ನು ಸವರಿಕೊಂಡು ಬಾಜಿಯ ಯಂತ್ರದ ಬಳಿಗೆ ಹೋದ.

ಅವನು ತಂದಿಟ್ಟ ಟಿಕೆಟ್ಟನ್ನು ಅವಳು ಅಭ್ಯಾಸಬಲದಿಂದ ನೋಡಿದಳು. ಏಳರ ಬದಲು ಒಂದು ಎಂದಿತ್ತು. ಒಂದನೇ ನಂಬರಿನ ಕುದುರೆಯನ್ನು ಕೇಳುವವರೇ ಇರಲಿಲ್ಲ. ಸುಮ್ಮನಿದ್ದರೆ ವೇಗಸ್ ತನ್ನದೇ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಸುಮ್ಮನಿರುವುದಕ್ಕೂ ತ್ರಾಣ ಬೇಕು. ಅಷ್ಟು ಅವಳಲ್ಲಿ ಉಳಿದಿರಲಿಲ್ಲ.

"ಆರ್ವಿಡ್, ಇದು ಒಂದನೇ ನಂಬರ್ ಕಣೋ."

ಅವನು ಟಿಕೆಟ್ಟನ್ನು ಕಣ್ಣಿನ ಅಂಚಿಗೆ ಹಿಡಿದುಕೊಂಡ. "ಹಾಳಾಗ್ಲಿ. ಬದಲಾಯಿಸ್ಕೊಂಡು ಬಾ."

ಅವಳು ಮಂಡಿ ನೋವಿನಲ್ಲೇ ಕೌಂಟರಿಗೆ ಹೋಗಿ ಅದನ್ನು ರದ್ದು ಮಾಡಿಸಿ ಏಳನೇ ನಂಬರಿನದು ತಂದಳು. ಕೂರುವಷ್ಟರಲ್ಲಿ ಕುದುರೆಗಳು ಓಡತೊಡಗಿದವು. ಏಳನೆಯದು ತಿರುವಿನವರೆಗೂ ಮುಂದಿದ್ದು ಅಲ್ಲಿ ಸುಸ್ತಾಯಿತು. ಕಂಬಿಯ ಪಕ್ಕದ ಕೆಸರಿನಲ್ಲೇ ನುಗ್ಗಿ ಬಂದ ಒಂದನೇ ನಂಬರ್ ಕತ್ತಿನಷ್ಟು ಅಂತರದಲ್ಲಿ ಗೆದ್ದಿತು.

ಎರಡನೆಯ ಸ್ಥಾನ ಉಳಿಸಿಕೊಂಡ ವರ್ನಾಳ ಬೆನ್ನನ್ನು ಅಕ್ಕಪಕ್ಕದವರು ಬಂದು ತಟ್ಟಿದರು. ಫಲಿತಾಂಶ ಮೈಕಿನಲ್ಲಿ ಕೇಳಿದ್ದ ಆರ್ವಿಡ್ ಕೈಗಳನ್ನು ಮೇಜಿನ ಮೇಲಿಟ್ಟು ಅಲ್ಲಾಡದೆ ಕೂತಿದ್ದ.

"ನಾನು ನೋಡದೇ ಇದ್ದಿದ್ರೆ ನೀನು ಹೋಗ್ತಿದ್ದೆ," ಎಂದಳು.

"ಹೌದು. ಸಿಟ್ಟು ಬಂದಿದೆ ನಂಗೆ. ಬಂದಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಆ ಕುದುರೆ ನಾನು ಆರಿಸಿದ್ದಲ್ಲ. ಬೆರಳು ಜಾರಿ ಗೆದ್ದೆ ಅಂತ ಯಾರ ಹತ್ರ ಹೇಳ್ಕೊಂಡು ತಿರುಗ್ಲಿ?"

ನಿಯಮದ ಪ್ರಕಾರ ಗೆದ್ದ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುವ ಹಾಗಿರಲಿಲ್ಲ. ಜೊತೆಗಾದರೂ ಬಾ ಎಂದರೆ ಅವನು ಬರಲ್ಲ ಎಂದು ತಲೆಯಾಡಿಸಿಬಿಟ್ಟ. ಅವಳು ಕಾರನ್ನು ಅವನ ಮನೆಯ ಮುಂದೆ ನಿಲ್ಲಿಸಿದಾಗ ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ ಹೋದ. ಆಮೇಲೆ ಅವನೂ ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ.

ಚಳಿಗಾಲದಲ್ಲಿ ಅವಳು ಒಬ್ಬಳೇ ವೇಗಸ್‌ಗೆ ಹೋದಳು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಹೋಟೆಲ್ ಕೋಣೆಗೆ ಬಂದು, ಆರ್ವಿಡ್‌ಗೆ ಫೋನ್ ಮಾಡಿದಳು.

"ಸೋತೆ," ಎಂದಳು.

"ಗೊತ್ತಾಯ್ತು. ಗೆಲ್ತಾ ಇದ್ದಿದ್ರೆ ಈ ಹೊತ್ತಲ್ಲಿ ಇನ್ನೂ ಬಾಜಿ ಕಟ್ತಾ ಇರ್ತಿದ್ದೆ, ಫೋನ್ ಮಾಡ್ತಿರಲಿಲ್ಲ."

"ಸಿಟ್ಟು ಇಳೀತಾ?"

"ಅರ್ಧ ಇಳಿದಿದೆ. ಇನ್ನರ್ಧ ನೀನು ಬಂದ್ಮೇಲೆ ನೋಡೋಣ."

ಸರಿ ಎಂದು ವರ್ನಾ ಫೋನ್ ಇಟ್ಟಳು. ಷೂ ಕಳಚಿ, ಕೋಟು ತೆಗೆಯದೆ ಹಾಸಿಗೆಯ ಮೇಲೆ ಒರಗಿಕೊಂಡಳು.