ಆಸಾಡಿಯಲ್ಲಿ ಎರಡೆಲೆ

ಬೈಂದೂರಿನ ಕಡಲ ಬದಿಯ ಆ ಲಾಡ್ಜಿನಲ್ಲಿ ಡಿಸೆಂಬರಿಗಾದರೆ ಊಟ ಸೇರಿ ರೂಮಿಗೆ ಎರಡು ಸಾವಿರದ ಎಂಟುನೂರು. ಆಸಾಡಿ ಅಂದರೆ ಆಷಾಢ, ಆ ಮಳೆಯಲ್ಲಿ ಒಂಬೈನೂರು. ಸಾಲಿಗ್ರಾಮದಿಂದ ಖಾಸಗಿ ಬಸ್ಸಿನಲ್ಲಿ ಇಬ್ಬರಿಗೆ ನೂರ ಅರವತ್ತು. ಸರ್ಕಾರಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದರೆ ಹೆಂಗಸರದ್ದು ಪುಕ್ಕಟೆ. ಕಾದರು. ಪೇಟೆಯಿಂದ ಕಡಲಿಗೆ ರಿಕ್ಷಾ ನೂರು. ಹೋಗಿ ಬರುವುದೆಲ್ಲ ಸೇರಿ ಸಾವಿರದ ಮುನ್ನೂರರೊಳಗೆ ಮುಗಿಯುತ್ತದೆಂದು ಪದ್ಮಾಕ್ಷಿ ಒಂದು ವಾರ ಮೊದಲೇ ಲೆಕ್ಕ ಹಾಕಿದ್ದಳು. ಅವಳ ಲೆಕ್ಕ ತಪ್ಪುವುದು ಕಡಿಮೆ.

ಗಂಡ ಶೀನ ಮಯ್ಯರು ಮದುವೆ ಅಡುಗೆಯವರು. ಆಸಾಡಿಯಲ್ಲಿ ಮದುವೆಯಿಲ್ಲ, ಉಪನಯನವಿಲ್ಲ, ಸೌಟಿಗೆ ರಜೆ. ಉಳಿದ ತಿಂಗಳೆಲ್ಲ ಅವರು ಉಣ್ಣುವುದು ಕೊನೆಯ ಎಲೆ ಎತ್ತಿದ ಮೇಲೆ, ನಿಂತುಕೊಂಡು. ಮನೆಯಲ್ಲಿದ್ದ ದಿನ ಪದ್ಮಾಕ್ಷಿ ಮಾಡಿ, ಅವರಿಗೆ ಬಡಿಸಿ, ಆಮೇಲೆ ತಾನು ಉಣ್ಣುತ್ತಾಳೆ. ಇಪ್ಪತ್ತಾರು ವರ್ಷ ಹೀಗೇ ಆಯಿತು. ತಾನು ಮಾಡದ ಊಟಕ್ಕೆ ಗಂಡನ ಪಕ್ಕದಲ್ಲಿ ಒಂದು ಸಲ ಕೂರಬೇಕು: ಅವಳು ಬೈಂದೂರಿಗೆ ಹೊರಟದ್ದು ಅಷ್ಟಕ್ಕೆ. ಕಡಲು ಕಾಣಬೇಕೆಂದು ಗಂಡನಿಗೆ ಹೇಳಿದ್ದು ನೆಪ.

ಲಾಡ್ಜು ನೋಡಿಕೊಳ್ಳುವ ಗಣಪ ಬೀಗದ ಕೈ ಕೊಡುತ್ತ, "ಅಮ್ಮಾ, ಊಟದ್ದ್ ಒಂದ್ ಇಲ್ಲೆ. ಗಿರಾಕಿ ಇಲ್ದೆ ಅಡ್ಗಿಯವ್ರ್ ಊರಿಗ್ ಹೋಯ್ದ್ರ್. ಗ್ಯಾಸ್ ಇತ್ತ್, ಪಾತ್ರಿ ಇತ್ತ್. ಮಾಡ್ಕಂಡ್ರೆ ಆಯ್ತ್" ಅಂದ.

ಒಂಬೈನೂರು ಯಾಕೆಂದು ಅವಳಿಗೆ ಆಗ ತಿಳಿಯಿತು. ಹೊರಗೆ ಮಳೆ ಹೊಡೆಯುತ್ತಿತ್ತು. ರಿಕ್ಷಾ ಹೋಗಿಯಾಗಿತ್ತು.

"ಪೇಟಿಗ್ ಹೋಪನಾ?" ಎಂದಳು ಗಂಡನ ಹತ್ತಿರ.

"ನಾನಿಪ್ಪಾಗ ಹೋಟ್ಲಾ? ಎಂತ ಮಾರಾಯ್ತಿ! ನೀನ್ ಕೂಕೊ, ನಾನ್ ಮಾಡ್ತೆ."

"ಇಬ್ರಿಗ್ ಮಾಡಿ ಗೊತ್ತಿತ್ತಾ ನಿಮ್ಗೆ?"

"ಐನೂರೆಲಿಗ್ ಮಾಡಿದವ್ನಿಗೆ ಎರಡೆಲಿ ಒಂದ್ ಲೆಕ್ಕುವಾ?"

ಅಡುಗೆಯವರು ಎಣಿಸುವುದು ಎಲೆಯಲ್ಲಿ. ನೂರೆಲೆಗೆ ಇಷ್ಟು ಸೇರು ಅಕ್ಕಿ, ಇಷ್ಟು ತೆಂಗಿನಕಾಯಿ. ನೂರರಿಂದ ಕೆಳಗಿನ ಲೆಕ್ಕ ಮಯ್ಯರ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಗಣಪನನ್ನು ಅಂಗಡಿಗೆ ಕಳಿಸಿ ಅಕ್ಕಿ, ಸೌತೆಕಾಯಿ, ಕಾಯಿ, ಬೇಳೆ, ಬೆಲ್ಲ, ಹಪ್ಪಳ, ಮಜ್ಜಿಗೆ, ಒಂದು ಕಟ್ಟು ಬಾಳೆಲೆ ತರಿಸಿದರು. ಸಣ್ಣ ಪಾತ್ರೆಯಲ್ಲಿ ಹುಳಿ ಹದವಾಗಿ ಕುದಿಯುವುದಿಲ್ಲವೆಂದು ಸೀಸನ್ನಿನ ದೊಡ್ಡ ಪಾತ್ರೆ ಕೆಳಗಿಳಿಸಿದರು. ಪಾತ್ರೆ ದೊಡ್ಡದಾದ ಮೇಲೆ ತಳದಲ್ಲಿ ನಾಲ್ಕು ಹೋಳು ನೋಡಲು ಅವರಿಗೆ ಆಗಲಿಲ್ಲ. ಒಂದು ಸೌತೆಕಾಯಿ ಆರಾಯಿತು.

ಪದ್ಮಾಕ್ಷಿ ಜಗಲಿಯಲ್ಲಿ ಕಡಲು ನೋಡುತ್ತ ಕೂತಿದ್ದಳು. ಪರಿಮಳ ಬಂದಾಗ ಸುಖವಾಯಿತು. ಒಳಗೆ ಹೋಗಿ ಇಣುಕಿದಾಗ ಸುಖ ಸ್ವಲ್ಪ ಇಳಿಯಿತು.

"ಹ್ವಾಯ್, ಇದ್ ಯಾರ ಮನೆ ಮದಿ?"

ಮದುವೆಗೆ ಸಾಲುವಷ್ಟಿದ್ದ ಪಾತ್ರೆಯನ್ನು ಮಯ್ಯರು ಆಗಷ್ಟೇ ಕಂಡವರಂತೆ ನೋಡಿದರು. "ಒಂದ್ ಮೂವತ್ತೆಲಿ ಆತ್ತಾ ಅಂತ."

"ಮತ್ತೆಂತ ಮಾಡೂದ್ ಇದನ್ನ? ಕಡ್ಲಿಗ್ ಹೊಯ್ಯೂದಾ?"

ಅನ್ನ ಹೊರಗೆ ಚೆಲ್ಲುವ ಜಾತಿಯವರಲ್ಲ ಇಬ್ಬರೂ. ಮಳೆಗಾಲಕ್ಕೆ ದೋಣಿ ದಡ ಹತ್ತಿತ್ತು, ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತೈದು ಮಂದಿ ಬಲೆ ರಿಪೇರಿ ಮಾಡುತ್ತಿದ್ದರು. ಗಣಪ ಹೋಗಿ ಕರೆದ. "ಭಟ್ರ್ ಕರೀತ್ರ್, ಉಂಬುಕ್ ಬನ್ನಿ" ಅಂದದ್ದು ಜಗಲಿಯವರೆಗೆ ಕೇಳಿಸಿತು.

ಉದ್ದ ಜಗಲಿಯಲ್ಲಿ ಎಲೆ ಹಾಸಿದರು. ಪದ್ಮಾಕ್ಷಿ ತುದಿಯಲ್ಲಿ ಕೂತು, ಪಕ್ಕದ ಎಲೆಗೆ ನೀರು ಚಿಮುಕಿಸಿ, ಲೋಟ ಇಟ್ಟು ಕಾದಿರಿಸಿದಳು.

"ನೀವೂ ಕೂಕಣಿ. ಗಣಪ ಬಡಿಸ್ತ."

"ಅವ್ನ್ ಹುಳಿ ಚೆಲ್ತ. ಒಂದ್ ಸುತ್ತ್ ಆಯ್ಲಿ, ಬತ್ತೆ."

ಒಂದು ಸುತ್ತು ಆಯಿತು. ಅನ್ನ ಎರಡನೇ ಸಲ ಹೋಯಿತು, ಪಾಯಸ ಬಂತು. ಎಲೆ ಕಂಡರೆ ಮಯ್ಯರ ಕಾಲು ನಿಲ್ಲುವುದಿಲ್ಲ. ಅಷ್ಟರಲ್ಲಿ ಬಲೆ ಶೆಡ್ಡಿನ ಸರಸ ಎಂಬವಳು ಸೆರಗಿನ ನೀರು ಹಿಂಡುತ್ತ ತಡವಾಗಿ ಬಂದು, ಜಾಗ ಕಾಣದೆ ಮೆಟ್ಟಿಲಲ್ಲೇ ನಿಂತಳು. ಪದ್ಮಾಕ್ಷಿ ಒಮ್ಮೆ ಗಂಡನ ಕಡೆ ನೋಡಿದಳು. ಅವರು ಆಚೆ ತುದಿಯಲ್ಲಿ ಹಪ್ಪಳ ಹಂಚುತ್ತಿದ್ದರು.

"ಬಾ, ಇಲ್ಲ್ ಕೂಕೊ" ಎಂದು ಕಾದಿರಿಸಿದ ಎಲೆ ತೋರಿಸಿದಳು.

ಮಜ್ಜಿಗೆ ತಂದಾಗ ಮಯ್ಯರು ಅವಳೆದುರು ಬಗ್ಗಿ ಮೆಲ್ಲನೆ ಕೇಳಿದರು: "ಉಪ್ಪ್ ಸಮಾ ಇತ್ತಾ?"

ಅವರು ಮದುವೆಮನೆಯಿಂದ ಡಬ್ಬಿಯಲ್ಲಿ ತರುತ್ತಿದ್ದ ಹುಳಿ ಮನೆ ಸೇರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಅವಳ ಹತ್ತಿರ ಉಪ್ಪಿನ ಹದ ಕೇಳಿದ್ದು ಇದೇ ಮೊದಲು.

"ಸಮಾ ಇತ್ತ್" ಅಂದಳು.

ಎಲ್ಲರೂ ಎದ್ದ ಮೇಲೆ ಅವರು ಪಾತ್ರೆಯ ಬದಿಯಲ್ಲಿ ನಿಂತು ಉಂಡರು. ರಾತ್ರಿ ಸೊಂಟ ಹಿಡಿದು ಬರೀ ಮಜ್ಜಿಗೆ ಕುಡಿದು ಮಲಗಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು.

ಸಾಮಾನಿಗೆ ಸಾವಿರದ ಆರುನೂರು ಹೆಚ್ಚಿಗೆ ಹೋಯಿತು. ತಾನು ಮಾಡದ ಊಟ ಪದ್ಮಾಕ್ಷಿಗೆ ಸಿಕ್ಕಿತು, ಅದೂ ಬಿಸಿಬಿಸಿ. ಗಂಡ ಪಕ್ಕದಲ್ಲಿ ಕೂತದ್ದು ಬಸ್ಸಿನಲ್ಲಿ ಮಾತ್ರ.